ಅರ್ಧ ಇಂಚಿನ ಇಲಾಸ್ಟಿಕ್

ಪುಟ್ಟಿಗೆ ಇಪ್ಪತ್ತೊಂದು ತುಂಬಿದ್ದರೂ ಮನೆಯಲ್ಲಿ ಅವಳಿನ್ನೂ ಪುಟ್ಟಿಯೇ. ಮನೆ ಎಂದರೆ ಅವಳು ಮತ್ತು ಅವಳ ದೊಡ್ಡಮ್ಮ, ಇಬ್ಬರೇ. ಮುಂದಿನ ಕೋಣೆಯಲ್ಲಿ ದೊಡ್ಡಮ್ಮನ ಹೊಲಿಗೆ ಯಂತ್ರ, ಹಿಂದಿನ ಕೋಣೆಯಲ್ಲಿ ಪುಟ್ಟಿಯ ಮಂಚ, ಟಿವಿ, ಅದಕ್ಕೆ ಜೋಡಿಸಿದ ವಿಡಿಯೋ ಆಟದ ಪೆಟ್ಟಿಗೆ. ನಡುವೆ ಒಂದು ಪರದೆ. ದೊಡ್ಡಮ್ಮ ಹೊಸ ಬಟ್ಟೆ ಹೊಲಿಯುವುದನ್ನು ಬಿಟ್ಟು ಬಹಳ ವರ್ಷಗಳಾಗಿದ್ದವು. ಈಗ ಏನಿದ್ದರೂ ರಿಪೇರಿ. ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಜಿಪ್ ಬದಲಾಯಿಸುವುದು, ಸೊಂಟ ಸಡಿಲಿಸುವುದು. ಜನ ದಪ್ಪಗಾಗುವುದನ್ನು ನಿಲ್ಲಿಸುವವರೆಗೆ ತನ್ನ ಕೆಲಸಕ್ಕೇನೂ ಮೋಸವಿಲ್ಲ ಎನ್ನುತ್ತಿದ್ದಳು.

ಪುಟ್ಟಿ ಜೆರಾಕ್ಸ್ ಅಂಗಡಿಯೊಂದರಲ್ಲಿ ಲ್ಯಾಮಿನೇಷನ್ ಮಾಡುತ್ತಿದ್ದಳು. ಬೇರೆಯವರ ಅಂಕಪಟ್ಟಿಗಳು, ಪ್ರಮಾಣಪತ್ರಗಳು ಅವಳ ಕೈಯಿಂದಲೇ ಬಿಸಿಬಿಸಿಯಾಗಿ ಹೊಳೆಯುತ್ತಾ ಹೊರಬರುತ್ತಿದ್ದವು. ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟವಳು ಅವಳು. ಗಿರಾಕಿಗಳ ಮುಖ ನೋಡಿ ಮಾತನಾಡಲು ಆಗದೆ ಯಂತ್ರದ ಹಿಂದಿನ ಸ್ಟೂಲನ್ನೇ ಕೇಳಿ ಪಡೆದಿದ್ದಳು. ಅಲ್ಲಿ ಕುಳಿತು ಯಾರ ಕೈ ನಡುಗುತ್ತದೆ, ಯಾರು ತಮ್ಮ ಅಂಕಪಟ್ಟಿಯನ್ನು ಮಗುಚಿ ಕೊಡುತ್ತಾರೆ ಎಂದು ಸುಮ್ಮನೆ ನೋಡುತ್ತಿದ್ದಳು.

ಅವಳು ಗಳಿಸಿದ್ದೆಲ್ಲ ಇದ್ದದ್ದು ಆಟದ ಪೆಟ್ಟಿಗೆಯೊಳಗೆ. ಪ್ರತಿ ಆಟಕ್ಕೂ ಟ್ರೋಫಿಗಳ ಒಂದು ಪಟ್ಟಿ ಇರುತ್ತದೆ. ಇಂಥದ್ದನ್ನು ಮಾಡಿದರೆ ಒಂದು, ಅಂಥದ್ದನ್ನು ಮಾಡಿದರೆ ಇನ್ನೊಂದು. ಒಂದೊಂದು ಸಿಕ್ಕಾಗಲೂ ಟಿವಿಯ ಮೂಲೆಯಲ್ಲಿ ಟಿಣ್ ಎಂದು ಪುಟ್ಟ ಬಟ್ಟಲು ಹೊಳೆದು ಮಾಯವಾಗುತ್ತದೆ. ಹದಿನಾಲ್ಕು ಆಟಗಳಲ್ಲಿ ಪುಟ್ಟಿ ಒಂದನ್ನೂ ಬಿಡದೆ ಎಲ್ಲ ಟ್ರೋಫಿಗಳನ್ನೂ ಗೆದ್ದಿದ್ದಳು. ಅದರಲ್ಲಿ ಎಷ್ಟು ಆಟ ಇಷ್ಟವಾದವು ಎಂದು ಯಾರಾದರೂ ಕೇಳಿದ್ದರೆ ತಡವರಿಸುತ್ತಿದ್ದಳು. ಒಂದು ಆಟದಲ್ಲಿ ಮುನ್ನೂರು ಹಕ್ಕಿಗರಿಗಳನ್ನು ಹುಡುಕಿದ್ದಳು, ಕೊನೆಯ ನೂರನ್ನು ಹಲ್ಲು ಕಚ್ಚಿಕೊಂಡು. ಟಿಣ್ ಎಂದಾಗ ಎದೆಯಲ್ಲಿ ಏನೋ ಸರಿಯಾಗಿ ಕೂತಂತೆ ಆಗುತ್ತಿತ್ತು. ಮುಖ ತೊಳೆದು ಬರುವಷ್ಟರಲ್ಲಿ ಅದು ಇರುತ್ತಿರಲಿಲ್ಲ. ಆಗ ಮತ್ತೆ ಪಟ್ಟಿ ತೆರೆಯುತ್ತಿದ್ದಳು.

ಇಂಥವರದೇ ಒಂದು ಗುಂಪು ಅವಳ ಫೋನಿನಲ್ಲಿತ್ತು. ನಲವತ್ತು ಜನ, ಒಬ್ಬರನ್ನೂ ಅವಳು ಕಣ್ಣಾರೆ ಕಂಡಿರಲಿಲ್ಲ. ಅಲ್ಲಿ ಅವಳ ಹೆಸರು ನೂರಕ್ಕೆನೂರು. ಹೊಸ ಆಟವೊಂದನ್ನು ಯಾರು ಮೊದಲು ಪೂರ್ತಿ ಮುಗಿಸುತ್ತಾರೋ ಅವರ ಹೆಸರು ಗುಂಪಿನ ತಲೆಯ ಮೇಲೆ ಏರುತ್ತಿತ್ತು. ಈ ಬಾರಿಯ ಆಟದಲ್ಲಿ ಇಬ್ಬರು ಹಮಾಲರು ಮನೆಸಾಮಾನು ಹೊತ್ತು ಬೆಟ್ಟದ ಊರೊಂದರ ಮೆಟ್ಟಿಲು ಹತ್ತಬೇಕು. ಒಬ್ಬನದು ನೀಲಿ ಟೋಪಿ, ಇನ್ನೊಬ್ಬನದು ಹಳದಿ. ಮೂವತ್ತೊಂಬತ್ತು ಟ್ರೋಫಿಗಳಲ್ಲಿ ಮೂವತ್ತೆಂಟು ಪುಟ್ಟಿಗೆ ಸಿಕ್ಕಿದ್ದವು. ಉಳಿದದ್ದು 'ಜೋಡಿ ಹೆಗಲು': ಪಕ್ಕದಲ್ಲಿ ಇನ್ನೊಬ್ಬರನ್ನು ಕೂರಿಸಿಕೊಂಡು, ಎರಡು ಕಂಟ್ರೋಲರ್ ಹಿಡಿದು, ನೂರು ಸಾಮಾನು ಸಾಗಿಸಬೇಕು. ಪಕ್ಕದಲ್ಲಿ ಕೂರಲು ಪುಟ್ಟಿಗೆ ಯಾರೂ ಇರಲಿಲ್ಲ.

ಒಂದು ಸಂಜೆ ಪರದೆ ಸರಿಸಿ ಕೇಳಿದಳು. "ದೊಡ್ಡಮ್ಮ, ನನ್ನ ಜೊತೆ ಆಟ ಆಡ್ತೀಯಾ?"

ದೊಡ್ಡಮ್ಮ ಬಾಯಲ್ಲಿದ್ದ ಗುಂಡುಪಿನ್ನುಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟಳು. ಪುಟ್ಟಿ ಈ ಮನೆಗೆ ಬಂದು ಹತ್ತು ವರ್ಷಗಳಾಗಿದ್ದವು. ಪರದೆಯ ಆ ಕಡೆಗೆ ಕರೆದದ್ದು ಅದೇ ಮೊದಲು.

"ನನಗೆ ಅದೆಲ್ಲ ಬರುತ್ತೇನೇ?"

ಹೇಳಿಕೊಡುತ್ತೇನೆ ಎಂದಳು ಪುಟ್ಟಿ. ಟ್ರೋಫಿಯ ವಿಷಯ ಎತ್ತಲಿಲ್ಲ. ಹೇಳಬಾರದೆಂದೇನೂ ಇರಲಿಲ್ಲ, ದೊಡ್ಡಮ್ಮನ ಮುಖ ನೋಡಿದ ಮೇಲೆ ಬಾಯಿ ಬರಲಿಲ್ಲ.

ದೊಡ್ಡಮ್ಮನಿಗೆ ನಿಜವಾಗಿಯೂ ಬರುತ್ತಿರಲಿಲ್ಲ. ಹಳದಿ ಟೋಪಿಯವನನ್ನು ಓಡಿಸಬೇಕಾದಾಗ ಗುಂಡಿ ಒತ್ತುವ ಬದಲು ಬಲಗಾಲಿನಿಂದ ನೆಲ ಒತ್ತುತ್ತಿದ್ದಳು, ಯಂತ್ರದ ಪೆಡಲನ್ನು ಒತ್ತಿದ ಹಾಗೆ. ನಿಲ್ಲಿಸಬೇಕಾದಾಗ ಕಾಲೆತ್ತುತ್ತಿದ್ದಳು. ಅವನನ್ನು 'ನಮ್ಮವನು' ಎಂದು ಕರೆಯುತ್ತಿದ್ದಳು. ಬೀರು ಹೊತ್ತು ಅರ್ಧ ಮೆಟ್ಟಿಲು ಹತ್ತಿದ ಮೇಲೆ ಅಲ್ಲೇ ಇಳಿಸಿಬಿಡುತ್ತಿದ್ದಳು.

"ಯಾಕೆ ಇಳಿಸಿದೆ?"

"ನಮ್ಮವನಿಗೆ ಸುಸ್ತಾಗಿದೆ ಕಣೇ. ನಿನ್ನೋನು ಹರೆಯದವನು, ಅವನಿಗೇನು."

ಇಬ್ಬರಿಗೂ ಒಂದೇ ವಯಸ್ಸು ಎಂದರೂ ಕೇಳುತ್ತಿರಲಿಲ್ಲ. ಕನ್ನಡಿ ಸಾಗಿಸುವಾಗಲಂತೂ ಉಸಿರು ಬಿಗಿಹಿಡಿದು, ಯಾರದೋ ಮನೆಯ ಕನ್ನಡಿ, ಒಡೆದರೆ ಏನು ಮುಖ ಇಟ್ಟುಕೊಂಡು ನಿಲ್ಲುವುದು ಎಂದು ಗೊಣಗುತ್ತಿದ್ದಳು. ಒಂದು ಸಾಮಾನಿಗೆ ಕಾಲು ಗಂಟೆ ಹಿಡಿಯುತ್ತಿತ್ತು. ದಿನಕ್ಕೆ ನಾಲ್ಕು, ಹೆಚ್ಚೆಂದರೆ ಐದು. ಪುಟ್ಟಿ ನಗುತ್ತಿದ್ದಳು, ಕೆಲವೊಮ್ಮೆ ನಿಜವಾಗಿಯೂ ನಗು ಬರುತ್ತಿತ್ತು. ಆದರೆ ಅವಳ ಕಣ್ಣು ಎಣಿಕೆಯ ಮೇಲೇ ಇರುತ್ತಿತ್ತು.

ದೊಡ್ಡಮ್ಮ ಐದು ಗಂಟೆಗೆ ಯಂತ್ರಕ್ಕೆ ಬಟ್ಟೆ ಮುಚ್ಚಿ, ಕೈತೊಳೆದು, ಪರದೆ ಸರಿಸಿ ಬರತೊಡಗಿದಳು. ಐದರ ಮೇಲೆ ಬರಬೇಡಿ, ನಮ್ಮ ಹುಡುಗಿ ಕಾಯುತ್ತಾಳೆ ಎಂದು ಗಿರಾಕಿಗಳಿಗೆ ಹೇಳುವುದು ಪುಟ್ಟಿಯ ಕಿವಿಗೂ ಬಿದ್ದಿತ್ತು. ಕೇಳಿಯೂ ಕೇಳದವಳಂತೆ ಇದ್ದಳು.

ಎಣಿಕೆ ಅರವತ್ತೆರಡಕ್ಕೆ ಬಂದಾಗ ಗುಂಪಿನಲ್ಲಿ ಗಡ್ಡ ಎಂಬ ಹೆಸರಿನವನು ತನ್ನದು ಎಂಬತ್ತಾಯಿತು ಎಂದು ಬರೆದ. ಹೇಗೆ ಎಂದು ಯಾರೋ ಕೇಳಿದರು. ಎರಡನೆಯ ಕಂಟ್ರೋಲರಿನಲ್ಲಿ ಹಮಾಲನನ್ನು ನಡೆಸುವ ಕಡ್ಡಿಯನ್ನು ಮುಂದಕ್ಕೆ ಬಾಗಿಸಿ ರಬ್ಬರ್ ಬ್ಯಾಂಡ್ ಹಾಕಿಬಿಡಿ, ಅದು ಮಾತಾಡಲ್ಲ, ಅದಕ್ಕೆ ಸುಸ್ತೂ ಆಗಲ್ಲ ಎಂದು ಉತ್ತರಿಸಿದ. ನಲವತ್ತು ಜನರೂ ನಕ್ಕರು. ಪುಟ್ಟಿಯೂ ನಗುವ ಮುಖವೊಂದನ್ನು ಹಾಕಿದಳು.

ಮಾರನೆಯ ದಿನ ಅವಳಿಗೆ ರಜೆ. ದೊಡ್ಡಮ್ಮ ಮಧ್ಯಾಹ್ನ ಕಣ್ಣಿನ ಡಾಕ್ಟರ ಬಳಿ ಹೋಗಿದ್ದಳು. ಪುಟ್ಟಿ ಅಂಗಡಿಯಿಂದ ತಂದಿದ್ದ ರಬ್ಬರ್ ಬ್ಯಾಂಡ್ ಸುತ್ತಿ ನೋಡಿದಳು, ಜಾರಿತು. ಇನ್ನೊಂದು ಹರಿಯಿತು. ಆಗ ದೊಡ್ಡಮ್ಮನ ತಗಡಿನ ಡಬ್ಬಿ ತೆರೆದು, ಸೊಂಟಪಟ್ಟಿಗೆ ಹಾಕುವ ಅರ್ಧ ಇಂಚಿನ ಇಲಾಸ್ಟಿಕ್ಕನ್ನು ಒಂದು ಮೊಳದಷ್ಟು ಕತ್ತರಿಸಿಕೊಂಡಳು. ಜಗ್ಗಿ ಸುತ್ತಿ ಗಂಟು ಹಾಕಿದಳು. ದೊಡ್ಡಮ್ಮ ಕೂರುತ್ತಿದ್ದ ದಿಂಬಿನ ಮೇಲೆ ಆ ಕಂಟ್ರೋಲರನ್ನಿಟ್ಟು, ಆಟದ ಮೊದಲ ಹಂತವನ್ನೇ ಆರಿಸಿದಳು. ನೇರ ರಸ್ತೆ, ಹೊರಬೇಕಾದದ್ದು ಒಂದು ಕುರ್ಚಿ. ಎರಡು ನಿಮಿಷಕ್ಕೆ ಒಂದು.

ಹಳದಿ ಟೋಪಿಯವನು ಎಲ್ಲೂ ನಿಲ್ಲದೆ ನಡೆದ. ಪುಟ್ಟಿಗೆ ಹಾಯೆನಿಸಿತು. ಅದನ್ನು ಆಮೇಲೆ ಎಷ್ಟು ಸಲ ನೆನೆದರೂ ಇಲ್ಲವೆನ್ನಲು ಅವಳಿಗೆ ಆಗಲಿಲ್ಲ.

ತೊಂಬತ್ತೇಳು ಮುಗಿದು ಮುಂದಿನ ಕುರ್ಚಿ ಅರ್ಧ ದಾರಿಯಲ್ಲಿದ್ದಾಗ ಪರದೆ ಸರಿಯಿತು. ಕಣ್ಣಿಗೆ ಔಷಧಿಯ ಹನಿ ಹಾಕಿಸಿಕೊಂಡು ಬಂದಿದ್ದ ದೊಡ್ಡಮ್ಮ ಬೆಳಕಿಗೆ ಕಣ್ಣು ಕಿರಿದು ಮಾಡಿ ನಿಂತಿದ್ದಳು. ಅವಳಿಗೆ ಸರಿಯಾಗಿ ಕಂಡದ್ದು ಟಿವಿಯಲ್ಲಿ ಸರಸರ ಹೋಗುತ್ತಿದ್ದ ಹಳದಿ ಬಣ್ಣ ಮಾತ್ರ.

"ಯಾರು ಬಂದಿರೋದು?" ಎಂದಳು. ದನಿಯಲ್ಲಿ ಸಂಭ್ರಮವಿತ್ತು. "ನಮ್ಮವನನ್ನ ಎಷ್ಟು ಚೆನ್ನಾಗಿ ನಡೆಸ್ತಿದ್ದಾರೆ. ಗೆಳತೀನಾ ಪುಟ್ಟಿ? ಕೂತ್ಕೊಳ್ಳಮ್ಮ, ಎದ್ದೇಳಬೇಡ. ಟೀ ಇಡ್ತೀನಿ."

ಇಷ್ಟು ವರ್ಷಗಳಲ್ಲಿ ಗೆಳತಿ ಎಂದು ಯಾರೂ ಆ ಮನೆಯ ಹೊಸ್ತಿಲು ತುಳಿದಿರಲಿಲ್ಲ. ದೊಡ್ಡಮ್ಮ ಗೋಡೆ ಹಿಡಿದುಕೊಂಡು ಬಂದು, ಗೆಳತಿಯ ಭುಜವಿರಬೇಕಾದ ಕಡೆ ಕೈಚಾಚಿದಳು. ಕೈ ಗಾಳಿಯಲ್ಲಿ ನಿಂತಿತು. ಬಗ್ಗಿ ದಿಂಬನ್ನು ತಡವಿದಳು. ಕಂಟ್ರೋಲರ್ ಸಿಕ್ಕಿತು. ಬೆರಳುಗಳು ಅದರ ಸುತ್ತ ಒಮ್ಮೆ ಹೋಗಿ ಬಂದವು. ಬಟ್ಟೆ, ದಾರಗಳನ್ನು ಕಣ್ಣು ಮುಚ್ಚಿಯೂ ಗುರುತಿಸುವ ಬೆರಳುಗಳು.

"ಇದು ನನ್ನ ಅರ್ಧ ಇಂಚಿಂದಲ್ವಾ?"

ಪುಟ್ಟಿಯ ಹೆಬ್ಬೆರಳು ನಿಲ್ಲಲಿಲ್ಲ. ದೊಡ್ಡಮ್ಮ ಬಗ್ಗಿ ನಿಂತಿದ್ದಂತೆಯೇ ಕುರ್ಚಿ ಬಾಗಿಲು ಸೇರಿತು, ತೊಂಬತ್ತೆಂಟು ಎಂದು ತೋರಿಸಿತು. ದೊಡ್ಡಮ್ಮ ಕಂಟ್ರೋಲರನ್ನು ಇದ್ದ ಹಾಗೆಯೇ ದಿಂಬಿನ ಮೇಲಿಟ್ಟು ಪರದೆಯಾಚೆ ಹೋದಳು. ಪಾತ್ರೆಯ ಸದ್ದು ಕೇಳಲಿಲ್ಲ. ಟೀ ಇಡಲಿಲ್ಲ.

ಆಗ ಎದ್ದು ಹೋಗಬೇಕಿತ್ತು. ಪುಟ್ಟಿ ಕುಳಿತೇ ಇದ್ದಳು, ಟಿವಿಯ ದನಿ ತಗ್ಗಿಸಿ ಇನ್ನೆರಡು ಕುರ್ಚಿ ಸಾಗಿಸಿದಳು. ಟಿಣ್ ಎಂದಿತು. ಎದೆಯಲ್ಲಿ ಏನೂ ಕೂರಲಿಲ್ಲ.

ಗುಂಪಿನ ತಲೆಯ ಮೇಲೆ ನೂರಕ್ಕೆನೂರು ಏರಿದಳು. ನಲವತ್ತು ಜನ ಚಪ್ಪಾಳೆ ತಟ್ಟಿದರು. ಎರಡು ದಿನ ಬಿಟ್ಟು ಅವಳು ನನ್ನ ಹೆಸರು ತೆಗೆಯಿರಿ, ನಾನು ಇಲಾಸ್ಟಿಕ್ ಕಟ್ಟಿ ಮಾಡಿದ್ದು ಎಂದು ಬರೆದಳು. ಗಡ್ಡ ಬಿದ್ದು ಬಿದ್ದು ನಕ್ಕ. ಎಲ್ಲರೂ ಹಾಗೇ ಮಾಡುವುದು, ಅದರಲ್ಲೇನು ಎಂದರು ಉಳಿದವರು. ಟ್ರೋಫಿಯನ್ನು ಅಳಿಸಲು ನೋಡಿದಳು. ಆಟವನ್ನೇ ಅಳಿಸಬಹುದಿತ್ತು, ಟ್ರೋಫಿಯನ್ನು ಅಳಿಸಲು ಬರುತ್ತಿರಲಿಲ್ಲ.

ದೊಡ್ಡಮ್ಮ ಬೈಯಲಿಲ್ಲ, ಮುಖ ಊದಿಸಿಕೊಳ್ಳಲೂ ಇಲ್ಲ. ಊಟಕ್ಕೆ ಕರೆದಳು, ಕರೆಂಟು ಹೋದಾಗ ಟಾರ್ಚ್ ಎಲ್ಲಿ ಎಂದು ಕೇಳಿದಳು. ಐದು ಗಂಟೆಗೆ ಮಾತ್ರ ಯಂತ್ರ ನಿಲ್ಲಲಿಲ್ಲ. ಬಾ ದೊಡ್ಡಮ್ಮ ಎಂದು ಪುಟ್ಟಿ ಒಂದು ದಿನ ಧೈರ್ಯ ಮಾಡಿ ಕರೆದಾಗ, ಕೆಲಸ ಇದೆ ಕಣೇ, ನೀನು ಆಡ್ಕೋ ಎಂದಳು. ಹೊಸ ಕನ್ನಡಕ ಬಂದಿತ್ತು. ಟಿವಿಯಲ್ಲಿ ಮೆಟ್ಟಿಲಿನ ಅಂಚು ಕಾಣದೆ ನಮ್ಮವನು ಎಡವುತ್ತಾನೆ ಎಂದೇ ಡಾಕ್ಟರ ಬಳಿ ಹೋದದ್ದೆಂದು ಚೀಟಿ ನೋಡಿದಾಗ ಪುಟ್ಟಿಗೆ ತಿಳಿಯಿತು. ದೂರದ ದೃಷ್ಟಿಗೆ ಎಂದು ಅದರಲ್ಲಿ ಬರೆದಿತ್ತು. ಸೂಜಿಗೆ ದಾರ ಪೋಣಿಸುವಾಗ ದೊಡ್ಡಮ್ಮ ಆ ಕನ್ನಡಕವನ್ನು ತೆಗೆದಿಡುತ್ತಿದ್ದಳು.

ಆರನೆಯ ದಿನ ನರ್ಸಮ್ಮ ಬಂದಳು. ಎರಡು ಬೀದಿ ಆಚೆಯ ಆಸ್ಪತ್ರೆಯವಳು, ಬಿಳಿ ಕೋಟಿನ ಹೊಲಿಗೆ ಬಿಚ್ಚಿಸಿ ಸಡಿಲ ಮಾಡಿಸಿಕೊಳ್ಳಲು ಆಗಾಗ ಬರುತ್ತಿದ್ದಳು. ಮಾತಿನ ಮಲ್ಲಿ. ಐದೂವರೆಯಾದರೂ ಯಂತ್ರದ ಸದ್ದು ಕೇಳಿ ಒಳಗೆ ಬಂದೆ ಎಂದಳು. ಪರದೆಯ ಹಿಂದೆ ಪುಟ್ಟಿಗೆ ಎಲ್ಲ ಕೇಳುತ್ತಿತ್ತು.

"ಏನು, ಇವತ್ತು ಆಟ ಇಲ್ವಾ? ನಮ್ಮ ವಾರ್ಡಿನಲ್ಲೆಲ್ಲ ನಿಮ್ಮದೇ ಸುದ್ದಿ. ನನ್ನ ಮಗಳು ನನ್ನ ಜೊತೆ ಒಂದು ನಿಮಿಷ ಕೂತರೆ ಕೇಳಿ."

"ಇದೆಯಲ್ಲ" ಎಂದಳು ದೊಡ್ಡಮ್ಮ. "ಈಗ ಹೋಗ್ಬೇಕು. ನಾನಿಲ್ಲದೆ ಅವಳು ಶುರುನೇ ಮಾಡಲ್ಲ."

ದೊಡ್ಡಮ್ಮ ಸುಳ್ಳು ಹೇಳಿದ್ದನ್ನು ಪುಟ್ಟಿ ಕೇಳಿದ್ದೇ ಇಲ್ಲ. ಗಿರಾಕಿಗೆ ನಾಳೆ ಎಂದರೆ ನಾಳೆ. ಏನು ಮಾಡುತ್ತಿದ್ದೇನೆ ಎಂದು ಯೋಚಿಸುವ ಮೊದಲೇ ಪುಟ್ಟಿ ಪರದೆ ಸರಿಸಿ ಹೊರಗೆ ಬಂದಿದ್ದಳು. ಗಿರಾಕಿಯ ಮುಖ ನೋಡಿ ಮಾತನಾಡದ ಹುಡುಗಿ ನರ್ಸಮ್ಮನ ಮುಖವನ್ನೇ ನೋಡಿ ಹೇಳಿದಳು.

"ಆಡ್ತಿಲ್ಲ. ನನಗೆ ಟ್ರೋಫಿ ಬೇಕಿತ್ತು, ಅದಕ್ಕೆ ದೊಡ್ಡಮ್ಮನ್ನ ಕರೆದಿದ್ದು. ಆಮೇಲೆ ಇವಳ ಬದಲು ಇಲಾಸ್ಟಿಕ್ ಕಟ್ಟಿದೆ."

ನರ್ಸಮ್ಮನಿಗೆ ತಲೆಬುಡ ತಿಳಿಯಲಿಲ್ಲ. ಇಲಾಸ್ಟಿಕ್ಕಾ ಎಂದು ನಕ್ಕು ದೊಡ್ಡಮ್ಮನ ಕಡೆ ನೋಡಿದಳು. ದೊಡ್ಡಮ್ಮನ ಮುಖ ಕೆಂಪೇರಿತ್ತು. ಏನೋ ಹುಡುಗಾಟ ಬಿಡಿ ಎನ್ನುತ್ತಾ ಕೋಟನ್ನು ಮಡಿಸಿದಳು, ಮಡಿಸಿದ್ದನ್ನು ಬಿಚ್ಚಿ ಮತ್ತೆ ಮಡಿಸಿದಳು. ಅಷ್ಟರಲ್ಲಿ ನರ್ಸಮ್ಮನಿಗೆ ಏನು ಅರ್ಥವಾಯಿತೋ, ಅವಳ ನಗು ಅರ್ಧಕ್ಕೆ ನಿಂತಿತು. ಪಾಪ ಎನ್ನುವಂಥ ಒಂದು ನೋಟ ದೊಡ್ಡಮ್ಮನ ಮೇಲೆ ಬಿತ್ತು. ನಾಳೆ ಬರುತ್ತೇನೆ ಎಂದು ಹೊರಟುಹೋದಳು.

ಹೇಳಿಬಿಟ್ಟರೆ ಹಗುರವಾಗುತ್ತದೆ ಎಂದುಕೊಂಡಿದ್ದಳು ಪುಟ್ಟಿ. ಆ ನೋಟ ಕಂಡಾಗ ತಾನು ಮಾಡಿದ್ದೇನೆಂದು ಹೊಳೆಯಿತು. ದೊಡ್ಡಮ್ಮ ಹೇಗೋ ಉಳಿಸಿಕೊಂಡಿದ್ದ ಮಾನವನ್ನು ತನ್ನ ಹಗುರಕ್ಕಾಗಿ ಬೀದಿಗೆ ಚೆಲ್ಲಿದ್ದಳು. ತಪ್ಪೊಪ್ಪಿಗೆಯೂ ಪಟ್ಟಿಯಲ್ಲಿ ಗುರುತು ಹಾಕಬೇಕಾದ ಇನ್ನೊಂದು ಸಾಲಾಗಿತ್ತು.

"ಅವಳ ಮುಂದೆ ಯಾಕೆ ಹೇಳಿದೆ?" ಕೇಳಿದಳು ದೊಡ್ಡಮ್ಮ.

"ತಪ್ಪು ಒಪ್ಕೊಳ್ಳೋಣ ಅಂತ."

"ಯಾರ ಹತ್ರ, ನರ್ಸಮ್ಮನ ಹತ್ರಾನಾ? ನಾನು ಆರು ದಿನದಿಂದ ಇಲ್ಲೇ ಕೂತಿದ್ದೀನಲ್ಲ."

ಪುಟ್ಟಿ ನೆಲ ನೋಡುತ್ತಾ ನಿಂತಳು. ನೆಲದ ಮೇಲೆ ದಾರದ ತುಣುಕುಗಳು, ಸೀಮೆಸುಣ್ಣದ ಪುಡಿ. ಹೇಳಬೇಕಾದದ್ದು ಇನ್ನೊಂದು ಉಳಿದಿತ್ತು. ಅದನ್ನು ಹೇಳಿದರೆ ಯಾವ ಹಗುರವೂ ಸಿಗುವುದಿಲ್ಲ ಎಂದು ಈ ಬಾರಿ ಗೊತ್ತಿತ್ತು.

"ನೀನು ಈಚೆ ಬಂದ್ಮೇಲೂ ಆಡಿದೆ. ಎರಡು ಬಾಕಿ ಇತ್ತು. ಸೌಂಡ್ ಕಡಿಮೆ ಮಾಡ್ಕೊಂಡು ಮುಗಿಸಿದೆ."

ದೊಡ್ಡಮ್ಮನ ಕೈ ಕೋಟಿನ ಮೇಲೆ ನಿಂತಿತು. ಇದು ಅವಳಿಗೆ ತಿಳಿದಿರಲಿಲ್ಲ ಎಂದು ಆ ಕೈಯೇ ಹೇಳುತ್ತಿತ್ತು. ಸದ್ದು ನಿಂತಾಗ ಅವಳು ಬೇರೆ ಏನನ್ನೋ ಅಂದುಕೊಂಡಿದ್ದಳು. ಹುಡುಗಿ ಆಟ ನಿಲ್ಲಿಸಿ ಅಲ್ಲೇ ತಲೆತಗ್ಗಿಸಿ ಕೂತಿದ್ದಾಳೆ, ಈಗ ಬರುತ್ತಾಳೆ, ಆಗ ಬರುತ್ತಾಳೆ ಎಂದು ಕಾದಿದ್ದಳೋ ಏನೋ. ಹೊರಗೆ ಸೈಕಲ್ಲೊಂದು ಬೆಲ್ ಮಾಡುತ್ತಾ ಹೋಯಿತು.

"ಆ ಕೊನೇದು ಏನು ಸಾಮಾನು?" ಎಂದು ಕೇಳಿದಳು ದೊಡ್ಡಮ್ಮ.

"ಕುರ್ಚಿ."

"ನೂರೂ ಕುರ್ಚಿನೇನಾ?"

"ಇಲ್ಲ. ಅರವತ್ತೆರಡು ನಾವಿಬ್ರೂ ಹೊತ್ತಿದ್ದು. ಬೀರು, ಕನ್ನಡಿ, ಎಲ್ಲ ಅದರಲ್ಲೇ. ಆಮೇಲಿಂದೆಲ್ಲ ಕುರ್ಚಿ."

ದೊಡ್ಡಮ್ಮ ಮನಸ್ಸಿನಲ್ಲೇ ಕಳೆದು ನೋಡಿದಳು. ತುಟಿ ಅಲುಗಿತು.

"ಮೂವತ್ತೆಂಟು ಕುರ್ಚಿ" ಎಂದಳು. "ಅಷ್ಟು ಕುರ್ಚಿ ಯಾರಿಗೇ ಬೇಕು ಪುಟ್ಟಿ."

ಅವಳ ಮುಖದಲ್ಲಿ ನಗುವಿರಲಿಲ್ಲ, ಕೋಪವೂ ಕಾಣಲಿಲ್ಲ. ಕೋಟನ್ನು ಮಗುಚಿ ಹೊಲಿಗೆ ಬಿಚ್ಚತೊಡಗಿದಳು. ನಗಬಹುದೋ ಬಾರದೋ ತಿಳಿಯದೆ ಪುಟ್ಟಿ ಪರದೆಯ ಅಂಚು ಹಿಡಿದು ಅಲ್ಲೇ ನಿಂತಳು.