ಎಕ್ಸ್‌ರೇಯಲ್ಲಿ ಕಾಣದ ನೋವು

ಇಪ್ಪತ್ತೆರಡು ವರ್ಷ ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಮೂಳೆ ನೋಡಿದವಳು ನಾನು. ನನ್ನ ಕಣ್ಣು ತಪ್ಪಿಸಿ ಒಂದು ಬಿರುಕೂ ಹೋಗಲಾರದು ಎಂಬ ಜಂಬ ನನಗೆ.

ಗಂಡ ಗೋಡೆಗೆ ಬಣ್ಣ ಬಳಿಯುವವರು. ಹೋದ ವರ್ಷ ಸೊಂಟ ಹಿಡಿದುಕೊಂಡು, "ಕಾಲೂರೋಕೇ ಆಗ್ತಿಲ್ಲ ಕಣೇ" ಎಂದರು. ನಾನೇ ಎಕ್ಸ್‌ರೇ ತೆಗೆದೆ. ಎಲ್ಲೂ ಒಂದು ಗೆರೆಯಿಲ್ಲ.

"ಏನೂ ಇಲ್ಲ ರೀ, ಬರೀ ಮೈಗಳ್ಳತನ. ಡಾಕ್ಟ್ರೂ ಬೇಡ, ಗೀಕ್ಟ್ರೂ ಬೇಡ!" ಎಂದು ರೇಗಿದೆ. ಅವರ ಕೈಯಲ್ಲಿ ಹೊಸ ಊರುಗೋಲು ಬೇರೆ. "ಅಯ್ಯೋ, ಇದೊಂದು ಕಡಿಮೆಯಾಗಿತ್ತು!"

"ನೀನು ಹೇಳಿದ್ಮೇಲೆ ಮುಗೀತು ಬಿಡು" ಎಂದು ನಕ್ಕರು. ಆದರೂ ಕೋಲನ್ನು ಬ್ರಷ್ಷಿನ ಚೀಲಕ್ಕೆ ಸಿಕ್ಕಿಸಿಕೊಂಡೇ ಕೆಲಸಕ್ಕೆ ಹೋಗುತ್ತಿದ್ದರು. ನನ್ನ ಕಣ್ಣಿಗೆ ಮಣ್ಣೆರಚಿ ಹೊರಗೆ ಊರಿಕೊಂಡು ಓಡಾಡುತ್ತಾರೆ ಎಂದು ಒಳಗೊಳಗೇ ಉರಿದೆ. ಮೂರು ವಾರಕ್ಕೆ, ಏಣಿಯ ಮೇಲೆ, ಆ ಕಾಲೇ ಕೈಕೊಟ್ಟಿತು. ಬಿದ್ದವರು ಏಳಲಿಲ್ಲ. ಚೀಲ ಮಾತ್ರ ಮನೆಗೆ ಬಂತು. ನಾನು ಬಿಚ್ಚಲಿಲ್ಲ.

ಅಂದಿನಿಂದ ಆಸ್ಪತ್ರೆಯ ಕಾರಿಡಾರಿನಲ್ಲಿ ನನ್ನ ಹಿಂದೆ ಹೆಜ್ಜೆ ಕೇಳುತ್ತದೆ. ಒಂದು ಗಟ್ಟಿ, ಒಂದು ಎಳೆದದ್ದು. ನಾನು ನಿಂತರೆ ಅದೂ ನಿಲ್ಲುತ್ತದೆ. "ಸತ್ತ ಮೇಲೂ ನಾಟಕವೇ?" ಎಂದು ಬೈದುಕೊಂಡೇ ನಡೆಯುತ್ತಿದ್ದೆ. ಹೆದರಿಕೆಗೆ ಬಾಯಿ ಜೋರು ಮಾಡುತ್ತಿದ್ದೆ, ಅಷ್ಟೇ.

ಈ ವರ್ಷ ನನ್ನ ಸೊಂಟವೂ ಹಿಡಿಯಿತು. ಎಕ್ಸ್‌ರೇಯಲ್ಲಿ ಏನೂ ಇಲ್ಲ. ನಮ್ಮ ಚಿಕ್ಕ ಡಾಕ್ಟರಮ್ಮ ಬಿಡಲಿಲ್ಲ, ಎಂಆರ್‌ಐ ಮಾಡಿಸಿದಳು. ಕೀಲಿನ ಮೂಳೆಯೊಳಗೆ ಬೆಳ್ಳಗೆ ಹರಡಿತ್ತು.

"ಮೂಳೆಮಜ್ಜೆಯ ಊತ ಅಕ್ಕಾ. ಪೆಟ್ಟು ಬಿದ್ರೂ, ಭಾರ ಜಾಸ್ತಿಯಾದ್ರೂ, ರಕ್ತ ಸರಿಯಾಗಿ ಹೋಗದಿದ್ರೂ ಬರುತ್ತೆ. ಒಂದೊಂದ್ಸಲ ಕಾರಣವೇ ಗೊತ್ತಾಗಲ್ಲ. ಶುರುವಲ್ಲಿ ಎಕ್ಸ್‌ರೇಗೆ ಕಾಣಲ್ಲ."

"ಔಷಧ?"

"ನೋವಿಗೆ ಮಾತ್ರೆ ಕೊಡ್ತೀನಿ. ಮೂಳೆಗೆ ರಕ್ತ ಹೋಗದೆ ಬಂದಿದ್ರೆ ಬೇರೆ ಮಾತು, ನಿಮ್ಮದು ಹಾಗಿಲ್ಲ. ಕೆಲವು ತಿಂಗಳು ಕೋಲು ಹಿಡ್ಕೊಂಡು ಆ ಕಾಲಿಗೆ ಭಾರ ಬಿಡ್ಬೇಡಿ. ಅಷ್ಟೇ."

ಅಷ್ಟೇ! ಅವರು ಕೊಂಡಿದ್ದೂ ಒಂದು ಕೋಲೇ.

ಮನೆಗೆ ಬಂದು ಚೀಲ ಬಿಚ್ಚಿದೆ. ಊರುಗೋಲಿನ ತುದಿಗೆ ಅಂಗಡಿಯವನು ಸುತ್ತಿದ್ದ ಪ್ಲಾಸ್ಟಿಕ್ ಹಾಗೆಯೇ ಇತ್ತು. ಮೂರು ವಾರ ಹೊತ್ತು ತಿರುಗಿದ್ದರು, ಒಮ್ಮೆಯೂ ನೆಲಕ್ಕೆ ಊರಿರಲಿಲ್ಲ. ಬಿಕ್ಕಿ ಬಿಕ್ಕಿ ಅತ್ತೆ.

ಬಾಗಿಲಾಚೆ ಆ ಹೆಜ್ಜೆ ಬಂದು ನಿಂತಿತು. ಪ್ಲಾಸ್ಟಿಕ್ ಕಿತ್ತು, ಕೋಲನ್ನು ಹೊಸ್ತಿಲ ಪಕ್ಕ ಒರಗಿಸಿ, "ತಪ್ಪು ನಂದು ರೀ. ಹಿಡ್ಕೊಳ್ಳಿ" ಎಂದೆ.

ನನಗೆ ಬೇರೆ ಕೋಲು ಕೊಂಡೆ. ಅವರದು ಇನ್ನೂ ಅಲ್ಲೇ ಇದೆ. ಹೆಜ್ಜೆ ದಿನಾ ಬರುತ್ತದೆ, ಹಾಗೆಯೇ ಎಳೆಯುತ್ತಾ. ಕೋಲನ್ನು ಮಾತ್ರ ಮುಟ್ಟುವುದಿಲ್ಲ. "ಏನೂ ಇಲ್ಲ" ಎಂದ ನನ್ನ ಮೊದಲ ಮಾತನ್ನೇ ಅವರು ಇನ್ನೂ ನಂಬಿಕೊಂಡಿದ್ದಾರೆ.