ಬೆನ್ನಿನ ಸರಳು

“ಇನ್ನು ನಿನ್ನ ಮೈಗೆ ಯಾರೂ ಬರೆ ಹಾಕೂಕೆ ನಾ ಬಿಡೂದಿಲ್ಲ ಮಗಾ, ದೇವರಾಣೆ,” ಎಂದು ದುರ್ಗಿ ಮಗಳಿಗೆ ಮಾತು ಕೊಟ್ಟದ್ದು ಮಂಕಿ ಊರಿನ ಮನೆಯ ಬಚ್ಚಲಿನಲ್ಲಿ. ಆಗ ಪರಮೇಶ್ವರಿಗೆ ನಾಲ್ಕು ವರ್ಷ. ನಾಯಿಕೆಮ್ಮು ಬಿಡದೆ ಕಾಡಿದಾಗ ಅಜ್ಜಿ ಗಣಪಿ ಮೊಮ್ಮಗಳ ಹೊಟ್ಟೆಯ ಮೇಲೆ ಕಾದ ಕಬ್ಬಿಣದಿಂದ ಮೂರು ಬರೆ ಹಾಕಿಸಿದ್ದಳು. ಕೆಮ್ಮು ತನ್ನ ಕಾಲಕ್ಕೆ ತಾನೇ ಹೋಯಿತು. ಹೆಸರು ಬರೆಗೆ ಬಂತು. ಮೀಯಿಸುವಾಗ ಆ ಗುರುತುಗಳಿಗೆ ಕೈ ತಾಗಿದರೆ ಸಾಕು, ಮಗು ಉಸಿರು ಹಿಡಿದು ಸೆಟೆದು ನಿಲ್ಲುತ್ತಿತ್ತು. ಅದನ್ನು ನೋಡಲಾರದೆ ದುರ್ಗಿ ಆಣೆ ಹಾಕಿದ್ದಳು.

ದುರ್ಗಿಯ ಹೊಟ್ಟೆಯ ಮೇಲೂ ಎರಡು ಬರೆಗಳಿದ್ದವು. ಅವಳ ಓರಗೆಯವರಲ್ಲಿ ಬರೆಯಿಲ್ಲದ ಹೊಟ್ಟೆ ಅಪರೂಪ. ಹಾಕಿಸಿದವರೆಲ್ಲ ಮಕ್ಕಳನ್ನು ಎದೆಗಪ್ಪಿ ಸಾಕಿದವರೇ. ದ್ವೇಷದಿಂದ ಮಾಡಿದ್ದಾದರೆ ಈ ಪದ್ಧತಿ ಎಂದೋ ಅಳಿಯುತ್ತಿತ್ತು. ಪ್ರೀತಿಯಿಂದ ಮಾಡುವುದರಿಂದಲೇ ಉಳಿದಿದೆ. ಗಣಪಿಯೂ ಅಂಥವಳೇ. ಅಂಗಳದಲ್ಲಿ ತೆಂಗಿನ ಮಡಲು ಹೆಣೆಯುತ್ತ, ಮೊಮ್ಮಗಳನ್ನು ಎದುರಿಗೆ ಕೂರಿಸಿಕೊಂಡು ಹಾಡು ಕಲಿಸುತ್ತಿದ್ದಳು. ಹುಡುಗಿ ಸಾಲು ತಪ್ಪಿದರೆ ಮಡಲಿನ ಗರಿಯಿಂದ ಮೂಗಿಗೆ ಕಚಗುಳಿ. ಆ ಮಧ್ಯಾಹ್ನಗಳ ನಗು ದುರ್ಗಿಯ ಕಿವಿಯಲ್ಲಿ ಇಂದಿಗೂ ಇದೆ.

ಹತ್ತು ತುಂಬುವ ಹೊತ್ತಿಗೆ ಪರಮೇಶ್ವರಿಯ ಒಂದು ಹೆಗಲು ಮೇಲೆ, ಒಂದು ಕೆಳಗೆ. ಲಂಗದ ಅಂಚು ಒಂದು ಕಡೆ ನೆಲ ಗುಡಿಸುತ್ತಿತ್ತು. ಶಾಲೆಯಲ್ಲಿ “ಕೊಕ್ಕೆ” ಎಂದು ಹೆಸರಿಟ್ಟರು. ತಂದೆ ಜಟ್ಟಿ ಮುಂಬಯಿಯ ಹೋಟೆಲೊಂದರಲ್ಲಿ ಅಡಿಗೆಯವನು. ರಜೆಗೆ ಬಂದವನು ಮಗಳ ಬೆನ್ನು ನೋಡಿ, ಊಟ ಬಿಟ್ಟು ಎದ್ದ. ಧಣಿಯ ಕೈಕಾಲು ಹಿಡಿದು ಮುಂಬಯಿಯ ದೊಡ್ಡ ಆಸ್ಪತ್ರೆಯೊಂದರಲ್ಲಿ ತೋರಿಸುವ ದಾರಿ ಮಾಡಿಕೊಂಡ. ಅಲ್ಲಿ ಹುಡುಗಿಯ ಬೆನ್ನು ಸೀಳಿ, ಬೆನ್ನೆಲುಬಿನ ಪಕ್ಕಕ್ಕೆ ಉಕ್ಕಿನ ಸರಳು ಇಟ್ಟು, ಎರಡು ತುದಿಗೂ ಕೊಕ್ಕೆ ಸಿಕ್ಕಿಸಿ ನೆಟ್ಟಗೆ ಮಾಡಿದರು. ಮೈಗೆಲ್ಲ ಪ್ಲಾಸ್ಟರು ಕಟ್ಟಿದರು.

ಊರಿಗೆ ಮರಳುವಾಗ ಹೊನ್ನಾವರದಲ್ಲಿ ಬಸ್ಸಿಳಿದು ಹೊಳೆ ದಾಟಲು ಲಾಂಚು ಹತ್ತಿದರು. ಮಂಕಿಯ ದಾಸ ಎದುರಿಗೆ ಕೂತಿದ್ದ.

“ಇದೆಂತದು ಕೂಸೇ, ಮೈಸುತ್ತ ಗೋಡೆ ಕಟ್ಸ್ಕಂಡು ಬಂದೆ?”

“ಸುಣ್ಣ ಬಳಿಯೂದೊಂದು ಬಾಕಿ ಅದೆ ದಾಸಣ್ಣ. ನೀನೇ ಬಂದು ಬಳಿ,” ಎಂದಳು ಪರಮೇಶ್ವರಿ.

ಲಾಂಚಿನಲ್ಲಿದ್ದವರೆಲ್ಲ ನಕ್ಕರು. ಒಬ್ಬೊಬ್ಬರೇ ಬಂದು ಪ್ಲಾಸ್ಟರನ್ನು ಬೆರಳಿನಿಂದ ಠಕ್ ಠಕ್ ಬಡಿದು ನೋಡಿದರು. ಶರಾವತಿಯ ಮೇಲೆ ಬಿಸಿಲು ಬಿದ್ದು, ನೀರು ಕಣ್ಣು ಕುಕ್ಕುತ್ತಿತ್ತು. ಮಗಳು ಬಾಣದ ಹಾಗೆ ನೆಟ್ಟಗೆ ನಿಂತಿದ್ದಳು. ಪ್ಲಾಸ್ಟರು ಬಿಚ್ಚಿದ ಮೇಲಿನ ಆ ಒಂದು ವರ್ಷ ಮನೆಯಲ್ಲಿ ದಿನವೂ ಹಬ್ಬ. ಸ್ಟೂಲಿಲ್ಲದೆ ದಾಸವಾಳ ಕೊಯ್ದಳು. ತಂಗಾಳಿಗೆ ಕಡಲದಂಡೆಯಲ್ಲಿ ಓಡಿದಳು. ಗಣಪಿ ಬಂದವರಿಗೆಲ್ಲ ಅವಳನ್ನು ತಿರುಗಿಸಿ ತಿರುಗಿಸಿ ತೋರಿಸಿದಳು: “ನೋಡಿ, ನಮ್ಮನೆ ಕಂಬ!”

ಆಸ್ಪತ್ರೆಯಿಂದ ಬಿಡುವಾಗ ಮುಂಬಯಿಯ ಡಾಕ್ಟರು ಒಂದು ಮಾತು ಹೇಳಿದ್ದರು; ಜಟ್ಟಿ ಅದನ್ನು ಕನ್ನಡಕ್ಕೆ ತಿರುಗಿಸಿ ಹೆಂಡತಿಗೆ ಬಾಯಿಪಾಠ ಮಾಡಿಸಿದ್ದ. ಜ್ವರ ಬಂದರೆ, ಗಾಯದ ಜಾಗ ಕೆಂಪಾದರೆ, ಒಸರಿದರೆ, ಒಳಗೆ ಕೊಕ್ಕೆ ಜಾರಿದ ಹಾಗೆ ಚುಚ್ಚಿದರೆ ತಡಮಾಡದೆ ಆಸ್ಪತ್ರೆಗೆ ಬರಬೇಕು. ಸರಳಿಗೆ ತುಕ್ಕು ಹಿಡಿಯುವುದಿಲ್ಲ ಎಂದು ಮಾತ್ರ ಅವರು ಹೇಳಿರಲಿಲ್ಲ. ಅಂಥದೊಂದು ಅನುಮಾನ ಯಾರಿಗಾದರೂ ಬಂದೀತೆಂದು ಅವರಿಗೆ ಹೇಗೆ ತಿಳಿಯಬೇಕು?

ಸಾವಿರದ ಒಂಬೈನೂರ ಅರವತ್ತೆಂಟರ ಆಷಾಢ. ಹೊಲಿಗೆ ಗುರುತಿನ ಕೆಳತುದಿಯಲ್ಲಿ ಕಡಲೆಯಷ್ಟು ಗುಳ್ಳೆ ಎದ್ದು ಒಡೆಯಿತು. ಕಂದುಗೆಂಪು ಕೀವು ರವಿಕೆಗೆ ಅಂಟಿತು. ಮೈ ಬಿಸಿಯಾಯಿತು. ದುರ್ಗಿ ಕೂಡಲೇ ಬಟ್ಟೆ ಗಂಟು ಕಟ್ಟಿದಳು, ಕುಮಟೆಯ ಆಸ್ಪತ್ರೆಗಾದರೂ ಹೋಗೋಣವೆಂದು. ಆದರೆ ಹೊಳೆ ತುಂಬಿ ಲಾಂಚು ನಿಂತಿತ್ತು. ಒಂದು ದಿನ, ಎರಡು ದಿನ, ಮೂರು ದಿನ. ಮೂರನೆಯ ಮಧ್ಯಾಹ್ನ ಗಣಪಿ, ಬರೆ ಹಾಕುವ ಕುಪ್ಪನನ್ನು ಕರೆತಂದಳು. ಅವನು ಗಾಯ ನೋಡಿದ. ಒದ್ದೆ ಬಟ್ಟೆಯ ಕಲೆ ನೋಡಿದ.

“ದುರ್ಗೀ, ಮಳೆಗಾಲದಲ್ಲಿ ಕತ್ತಿ ಎಲ್ಲಿಡ್ತೆ?”

“ಒಲೆ ಮೇಲಿನ ಅಟ್ಟಕ್ಕೆ.”

“ಎಂತಕೆ?”

“ಇನ್ನೆಂತಕೆ? ತುಕ್ಕು ಹಿಡೀತದಲ್ಲ.”

“ಹೊರಗಿನ ಕಬ್ಬಿಣಕ್ಕೇ ಈ ಗತಿ. ಇದು ಮೈ ಒಳಗೆ ನೆತ್ತರದಲ್ಲಿ ನೆನಕಂಡು ಕೂತದೆ. ಈ ಬಣ್ಣ ನೋಡು. ತುಕ್ಕೇ ಇಳೀತಾ ಅದೆ. ಶಾಖ ಕೊಟ್ರೆ ಒಣಗ್ತದೆ.”

ಕರಾವಳಿಯಲ್ಲಿ ಹುಟ್ಟಿದ ಯಾರಿಗೂ ಆ ಮಾತು ಸುಳ್ಳೆನಿಸದು. ಬಾಗಿಲ ಚಿಲಕ, ಕೊಡಪಾನದ ಕಡಗ, ಗುದ್ದಲಿ, ಎಲ್ಲವನ್ನೂ ಮಳೆ ತಿನ್ನುವುದನ್ನು ದುರ್ಗಿ ದಿನವೂ ಕಂಡವಳು.

ಆದರೂ ಹೇಳಿದಳು: “ಕೀವು ಕಂಡ್ರೆ ಕರ್ಕಂಡು ಬನ್ನಿ ಅಂದಿದ್ರು ಡಾಕ್ಟರು.”

“ಹೆಂಗೆ ಹೋಗ್ತೆ? ಹೊಳೆ ಈಜ್ಕಂಡಾ?” ಗಣಪಿಯ ದನಿ ಒಡೆಯಿತು. “ಡಾಕ್ಟರು ಮುಂಬಯಿಯಾಗೆ ಬೆಚ್ಚಗೆ ಕೂತಾನೆ. ಕೂಸು ಇಲ್ಲಿ ಬೇಯ್ತಾ ಅದೆ. ಕೈ ಕಟ್ಕಂಡು ನೋಡ್ತಾ ಕೂರು ಅಂತ್ಯಾ ನಂಗೆ? ನಾಳೆ ಏನಾದ್ರೂ ಆದ್ರೆ ಜಟ್ಟಿಗೆ ಯಾರು ಹೇಳ್ತ್ರು, ನೀನಾ?”

ಮೂರು ದಿನದಿಂದ ಕಣ್ಣು ಮುಚ್ಚದವಳು ದುರ್ಗಿ. ಏನೂ ಮಾಡದೆ ಕೂರುವುದಕ್ಕಿಂತ ಏನಾದರೂ ಮಾಡುವುದು ಹಗುರವೆನಿಸುವ ಒಂದು ಗಳಿಗೆ ಇರುತ್ತದೆ. ಅವಳು ಚಾಪೆಯ ಹತ್ತಿರ ಹೋಗಿ, ಬೋರಲು ಮಲಗಿದ್ದ ಮಗಳ ಹೆಗಲುಗಳನ್ನು ಎರಡು ಕೈಯಲ್ಲೂ ಒತ್ತಿ ಹಿಡಿದಳು.

ಪರಮೇಶ್ವರಿ ಕತ್ತು ತಿರುಗಿಸಿ ನೋಡಿದಳು. “ಅಬ್ಬೇ, ನೀ ಬಿಡೂದಿಲ್ಲ ಅಂದಿದ್ದೆ.”

ಒಂದೇ ಸಲ ಹೇಳಿದಳು. ಆಮೇಲೆ ಕಿರುಚಿದಳು.

ಮರುದಿನ ಬೆಳಿಗ್ಗೆ ಲಾಂಚು ಬಿಟ್ಟಿತು. “ಬರೆ ಹಾಕಿದ ಮೇಲೆ ಎರಡು ದಿನ ಕಾಯಬೇಕು,” ಎಂದಳು ಗಣಪಿ. ಕಾದರು. ಬರೆಯ ಸುತ್ತ ಚರ್ಮ ಕಪ್ಪಾಗಿ, ಹುಡುಗಿ ಜ್ವರದಲ್ಲಿ ಬಡಬಡಿಸತೊಡಗಿದಾಗ ಹೊರಟರು. ಬಸ್ಸಿನಲ್ಲಿ ಗಣಪಿ ಸೊಸೆಯ ಕಿವಿಗೆ ಬಾಯಿಟ್ಟು, “ಬಿಸಿ ಗಂಜಿ ಚೆಲ್ತು ಅಂತ ಹೇಳು. ಬರೆ ಅಂದ್ರೆ ಬೈದು ಹೊರಗೆ ಹಾಕ್ತ್ರು,” ಎಂದಳು.

ಕುಮಟೆಯ ಡಾಕ್ಟರು ವಯಸ್ಸಾದವರು, ನಿಧಾನಿ. ಪಟ್ಟಿ ಬಿಚ್ಚಿ ಬಹಳ ಹೊತ್ತು ನೋಡಿದರು.

“ಎಂತ ಆತು?”

“ಗಂಜಿ ಚೆಲ್ತು,” ಎಂದಳು ಗಣಪಿ.

“ಬರೀ ಗಂಜಿಯಾದರೆ ಮುಲಾಮು ಕೊಟ್ಟು ಮನೆಗೆ ಕಳಿಸ್ತೇನೆ. ಅದಕ್ಕೇ ಕೇಳೂದು. ಸುಡೂಕೆ ಮೊದಲೇ ಇಲ್ಲಿ ಕೀವಿತ್ತಾ?”

ಗಣಪಿ ಸೊಸೆಯ ಸೆರಗು ಜಗ್ಗಿದಳು. ದುರ್ಗಿ ಸೆರಗು ಬಿಡಿಸಿಕೊಂಡಳು.

“ಗಂಜಿ ಅಲ್ಲ. ಬರೆ. ಕೀವು ಬಂದು ಮೂರು ದಿನ ಆಗಿತ್ತು. ಒಳಗಿನ ಸರಳಿಗೆ ತುಕ್ಕು ಹಿಡ್ದದೆ ಅಂತ ಹಾಕ್ಸಿದ್ದು. ಹಾಕುವಾಗ ಹೆಗಲು ಹಿಡ್ಕಂಡವಳು ನಾನೇ.”

ಡಾಕ್ಟರು ಬೈಯಲಿಲ್ಲ. ಕೈ ತೊಳೆದುಕೊಂಡು ಬಂದು ಬೆಂಚಿನ ಮೇಲೆ ಕೂತರು. “ಆ ಉಕ್ಕಿಗೆ ತುಕ್ಕಿಲ್ಲಮ್ಮ. ಇಂಥ ಆಪರೇಶನ್ನಾದ ಕೆಲವು ಮಕ್ಕಳಿಗೆ ವರ್ಷ ಕಳೆದ ಮೇಲೂ ಒಳಗೆ ಕೀವಾಗ್ತದೆ. ಅದು ನಿನ್ನ ತಪ್ಪಲ್ಲ. ಬೇಗ ತೊಳೆದು ಇಂಜೆಕ್ಷನ್ ಕೊಟ್ಟಿದ್ರೆ ಸರಳು ಉಳೀತಿತ್ತೇನೋ. ಈಗ ಅದರ ಮೇಲಿನ ಚರ್ಮವೇ ಸತ್ತದೆ. ಸರಳು ತೆಗೀದಿದ್ರೆ ಹುಡುಗಿ ಉಳಿಯೂದಿಲ್ಲ.”

“ನಮ್ಮ ಹಿರಿಯರೆಲ್ಲ ಬರೆ ಹಾಕ್ಸ್ಕಂಡೇ ಬದುಕಿದ್ರು,” ಎಂದಳು ಗಣಪಿ, ಸಣ್ಣ ದನಿಯಲ್ಲಿ.

“ಬದುಕಿದವರು ಹೇಳೂಕೆ ಇದ್ರು ಅಜ್ಜಿ. ಸತ್ತ ಮಕ್ಕಳು ಎದ್ದು ಬಂದು ಹೇಳ್ತಾವಾ?”

ಡಾಕ್ಟರು ಇಂಜೆಕ್ಷನ್ ಕೊಟ್ಟು, ಚೀಟಿ ಬರೆದು, ತಾವೇ ಗಾಡಿ ಗೊತ್ತುಮಾಡಿ ಮುಂಬಯಿಗೆ ಕಳಿಸಿದರು. ಅಲ್ಲಿ ಸರಳು ತೆಗೆದರು. ಪರಮೇಶ್ವರಿ ಉಳಿದಳು. ಬೆನ್ನು ಮೆಲ್ಲಗೆ, ವರ್ಷಕ್ಕಿಷ್ಟು ಎಂಬಂತೆ, ಮತ್ತೆ ಬಾಗಿತು.

ಆಮೇಲೆ ಕೇರಿಯಲ್ಲಿ ಯಾವ ಮನೆಯಲ್ಲಿ ಮಗುವಿಗೆ ಜ್ವರವೆಂದು ಕೇಳಿದರೂ ದುರ್ಗಿ ಓಡುತ್ತಿದ್ದಳು. “ಗಂಜಿ ಚೆಲ್ಲಿದ್ದಂತೆ, ಪಾಪ, ಹಣೆಬರಹ,” ಎಂದು ಯಾರಾದರೂ ಅವಳ ಪರವಾಗಿ ಹೇಳಿದರೆ ಅಲ್ಲೇ ತಡೆಯುತ್ತಿದ್ದಳು: “ಅಲ್ಲ. ಬರೆ. ನಾ ಹಿಡ್ಕಂಡಿದ್ದೆ. ನೀವು ಹಿಡೀಬೇಡಿ.” ಕೆಲವರು ಕೇಳಿದರು. ಕೆಲವರು ಅವಳು ಹೋದ ಮೇಲೆ ಕುಪ್ಪನನ್ನು ಕರೆದರು.

ಪರಮೇಶ್ವರಿ ತಾಯಿಯನ್ನು ಒಂದು ದಿನವೂ ದೂರಲಿಲ್ಲ. ಮೀಯುವಾಗ ಮಾತ್ರ ಬಚ್ಚಲಿನ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ದುರ್ಗಿ ಮಗಳಿಗೆ ಕೊಟ್ಟ ಮಾತು ಒಂದೇ ಒಂದು. ಅದನ್ನು ಅವಳು ಮುರಿದಳು.