ಮಡಿಸಿದ ಮೂಲೆ

ಕ್ಷೌರದ ಕುರ್ಚಿಯಲ್ಲಿ ಕತ್ತೆತ್ತಿ ಕೂತಿದ್ದ ಆಡಿಟರ ಮುಖದ ತುಂಬ ನೊರೆ. ಅದೇ ಒಂದು ಪುಣ್ಯ. ಮುಖದ ಬಣ್ಣ ಯಾರಿಗೂ ಕಾಣುತ್ತಿರಲಿಲ್ಲ. ಗೋಡೆಯ ಟಿವಿಯಲ್ಲಿ ನಿನ್ನೆಯಿಂದ ಒಂದೇ ಸುದ್ದಿ: ಆರೋಗ್ಯ ಮಂತ್ರಿ ಸ್ಥಾನಕ್ಕೆ ಹೆಸರು ಸೂಚಿತವಾಗಿರುವ ಡಾಕ್ಟರಮ್ಮ ಏಳು ವರ್ಷ ಮನೆ ಬಾಡಿಗೆಯಿಂದ ಬಂದ ಆದಾಯಕ್ಕೆ ತೆರಿಗೆ ಕಟ್ಟಿಲ್ಲ. ಇವತ್ತು ಸಂಜೆ ನಾಲ್ಕಕ್ಕೆ ಆಕೆಯ ಆಯ್ಕೆ ಪರಿಶೀಲಿಸುವ ಸಮಿತಿಯ ವಿಚಾರಣೆ.

"ನಮ್ಮಂಥೋರು ಒಂದು ದಿನ ತಡ ಮಾಡಿದ್ರೆ ದಂಡ ಜಡೀತಾರೆ," ಎಂದ ಕ್ಷೌರಿಕ. "ಈಯಮ್ಮ ಏಳು ವರ್ಷ ಹಾಯಾಗಿ ನಿದ್ದೆ ಹೊಡೆದಿದ್ದಾಳೆ."

ಬೆಂಚಿನ ಮೇಲಿದ್ದ ನಿವೃತ್ತ ಮೇಷ್ಟ್ರು ಪತ್ರಿಕೆ ಕೆಳಗಿಟ್ಟರು. "ಮರೆತುಹೋಯ್ತಂತೆ ಕಣಯ್ಯ! ನಾನು ಒಂದು ಹೊತ್ತು ಮಾತ್ರೆ ಮರೆತ್ರೆ ಮೈಮೇಲೆ ಬೀಳ್ತಿದ್ದ ಹೆಂಗಸು!"

"ನೀವೇ ಹೇಳಿ ಸಾರ್, ಲೆಕ್ಕ ಬಲ್ಲೋರು." ಕತ್ತಿ ಗಂಟಲಿಗೆ ಬಂತು. ಆಡಿಟರು 'ಹೂಂ' ಎನ್ನಲೂ ಹೆದರಿದರು.

ಅವರದೊಂದು ಪದ್ಧತಿ. ಹಳೆಯ ಗಿರಾಕಿಗಳಾದರೆ ಹಿಂದಿನ ವರ್ಷದ ತೆರಿಗೆ ನಮೂನೆಯನ್ನೇ ನೋಡಿಕೊಂಡು ಹೊಸದನ್ನು ತುಂಬುವುದು. ಯಾವುದಾದರೂ ಕಾಗದದ ಬಗ್ಗೆ ಅನುಮಾನ ಬಂದರೆ ಅದರ ಮೂಲೆ ಮಡಿಸಿ, ಪೆನ್ಸಿಲಿನಲ್ಲಿ 'ಕೇಳಬೇಕು' ಎಂದು ಬರೆದು ಕಡತದ ಹಿಂದೆ ಸೇರಿಸುವುದು. ಏಳು ವರ್ಷದ ಹಿಂದೆ ಡಾಕ್ಟರಮ್ಮ ತಾವೇ ತಂದುಕೊಟ್ಟ ಬಾಡಿಗೆ ಕರಾರಿನ ಮೂಲೆಯನ್ನೂ ಆಡಿಟರು ಹಾಗೇ ಮಡಿಸಿದ್ದರು. ಆಮೇಲೆ ಕೇಳಲೇ ಇಲ್ಲ. ಮೊದಲ ವರ್ಷ ಬಿಟ್ಟುಹೋದದ್ದು ಮುಂದಿನ ಆರು ವರ್ಷಕ್ಕೂ ಹಾಗೇ ನಕಲಾಯಿತು. ನಿನ್ನೆ ಸುದ್ದಿ ಕೇಳಿ ಕಡತ ಬಿಚ್ಚಿದಾಗ ಅದು ಕಣ್ಣಿಗೆ ಬಿತ್ತು. ಆ ಕಾಗದ ಈಗ ಅಂಗಿಯ ಜೇಬಿನಲ್ಲಿದೆ. ಹರಿದೆಸೆದರೆ ಕೇಳುವವರಿಲ್ಲ. ಸಮಿತಿಗೆ ಕೊಟ್ಟರೆ ಮೂವತ್ತು ವರ್ಷದ ಪರವಾನಗಿ ಹೋದ ಹಾಗೆಯೇ.

ಟಿವಿಯಲ್ಲಿ ಡಾಕ್ಟರಮ್ಮ ಕಾಣಿಸಿಕೊಂಡರು. ಮೈಕುಗಳ ನಡುವೆ ಮುಖ ಸಣ್ಣದಾಗಿತ್ತು. "ನಿಮ್ಮ ಲೆಕ್ಕ ಬರೆಯೋರು ಯಾರು ಮೇಡಂ?" ಎಂದು ಯಾರೋ ಕೂಗಿದರು.

"ಸಹಿ ನನ್ನದು. ತಪ್ಪೂ ನನ್ನದೇ. ಅವರನ್ನ ಇದಕ್ಕೆ ಎಳೀಬೇಡಿ."

"ಎಂಥಾ ನಾಟಕ ನೋಡಿ!" ಎಂದರು ಮೇಷ್ಟ್ರು.

ಆಡಿಟರು ಕ್ಷೌರಿಕನ ಮಣಿಕಟ್ಟು ಹಿಡಿದರು. "ಸ್ವಲ್ಪ ನಿಲ್ಸಪ್ಪ." ಧ್ವನಿ ತಮ್ಮದಲ್ಲ ಅನ್ನಿಸಿತು. "ಆ ನಮೂನೆ ತುಂಬಿದ್ದು ನಾನು. ಕಾಗದ ಅವರು ಕೊಟ್ಟಿದ್ರು. ಬಿಟ್ಟಿದ್ದು ನಾನೇ."

"ತಮಾಷೆ ಮಾಡ್ಬೇಡಿ ಸಾರ್," ಎಂದು ಕ್ಷೌರಿಕ ನಕ್ಕ. ಒಬ್ಬನೇ ನಕ್ಕದ್ದು ಗೊತ್ತಾಗಿ ಕತ್ತಿ ಕೆಳಗಿಟ್ಟ.

ಗಡಿಯಾರ ಎರಡೂವರೆ ತೋರಿಸುತ್ತಿತ್ತು. ಆಡಿಟರು ಟವಲಿನಲ್ಲಿ ನೊರೆ ಒರೆಸಿಕೊಂಡು ಎದ್ದರು.

"ಇನ್ನೊಂದು ಕೆನ್ನೆ ಹಾಗೇ ಇದೆ ಸಾರ್!"

ಬಾಗಿಲ ಹತ್ತಿರ ಹೋಗುವಷ್ಟರಲ್ಲಿ ಮೇಷ್ಟ್ರು ದಡಬಡಿಸಿ ಎದ್ದು ಬಂದರು. ಅವರ ಕಣ್ಣಲ್ಲಿ ಈಗ ಸಿಟ್ಟಿರಲಿಲ್ಲ. "ಸ್ವಾಮಿ, ಒಂದು ನಿಮಿಷ... ನನ್ನ ಪಿಂಚಣಿ ಲೆಕ್ಕವೂ ನಿಮ್ಮ ಹತ್ರಾನೇ ಅಲ್ವಾ?"

ಆಡಿಟರ ಕಾಲು ಹೊಸ್ತಿಲಲ್ಲೇ ನಿಂತಿತು. ಮೇಷ್ಟರ ಕಡತದಲ್ಲೂ ಮಡಿಸಿದ ಮೂಲೆಯೊಂದು ಇತ್ತೇ? ಎಷ್ಟು ತಡಕಾಡಿದರೂ ನೆನಪಿಗೆ ಬರಲಿಲ್ಲ.

"ನಾಳೆ ಬನ್ನಿ, ಕೂತು ನೋಡೋಣ," ಎಂದವರೇ ಜೇಬಿನ ಮೇಲೆ ಕೈಯಿಟ್ಟುಕೊಂಡು ಬಸ್ ನಿಲ್ದಾಣದ ಕಡೆ ಬಿರಬಿರನೆ ಹೊರಟರು.